ಸೈನಸ್ ಕೀವು ತೆಗೆಸಿದೆ: ಆಪರೇಷನ್‌ಗಿಂತ ಆಮೇಲಿನ ವಾರಗಳ ಬಗ್ಗೆ ಹೇಳೋದೇ ಜಾಸ್ತಿ

ಎಡಗೆನ್ನೆಯ ಸೈನಸ್‌ನಲ್ಲಿ, ಅಂದರೆ ಕೆನ್ನೆಯ ಮೂಳೆಯೊಳಗೆ ಮೂಗಿಗೆ ತೆರೆದುಕೊಳ್ಳುವ ಟೊಳ್ಳು ಜಾಗದಲ್ಲಿ, ಕೀವು ತುಂಬಿತ್ತು. ಆಪರೇಷನ್ ಮಾಡಿ ತೆಗೆದರು. ಮೊನ್ನೆಯಷ್ಟೇ ಡಾಕ್ಟರು "ಇನ್ನು ನೀವು ಪದೇ ಪದೇ ಬರೋದು ಬೇಡ" ಅಂದರು. ತೊಂದರೆ ಶುರುವಾದಾಗ ನಾನು ವಿಚಾರಿಸಿದ ಕಡೆಯೆಲ್ಲ ಆಪರೇಷನ್ ಬಗ್ಗೆ ಹೇಳುವವರೇ ಇದ್ದರು. ಅದಕ್ಕೆ ಮುಂಚಿನ ಅಲೆದಾಟದ ಬಗ್ಗೆ, ಆದ ಮೇಲೆ ವಾರಗಟ್ಟಲೆ ಮೂಗು ತೊಳೆಯುವುದರ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಈಗ ಇದೇ ಕಷ್ಟದಲ್ಲಿ ಇರುವವರಿಗೆ ಗಾಬರಿ ಸ್ವಲ್ಪವಾದರೂ ಕಡಿಮೆಯಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಮಾಮೂಲಿ ನೆಗಡಿ. ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಏರಿತು, ಅದೂ ಎಡಗಡೆ ಮಾತ್ರ. ಬಗ್ಗಿದರೆ ಕೆನ್ನೆಯೊಳಗೆ ಭಾರ. ಮೆಟ್ಟಿಲು ಇಳಿದರೆ ಮೇಲಿನ ಹಲ್ಲುಗಳಲ್ಲಿ ಜುಮ್ಮೆನ್ನುವ ನೋವು. ಹಳದಿ ಸಿಂಬಳ ಗಂಟಲಿಗೆ ಇಳಿಯುತ್ತಿತ್ತು. ಎಲ್ಲಕ್ಕಿಂತ ಹಿಂಸೆ ಕೊಟ್ಟದ್ದು ವಾಸನೆ. ಏನೋ ಕೊಳೆತ ಹಾಗೆ, ಇಡೀ ದಿನ. ಪಕ್ಕದಲ್ಲಿ ಇದ್ದವರಿಗೆ ಅದು ಬರುತ್ತಿರಲಿಲ್ಲ, ನನಗೆ ಮಾತ್ರ. ಬೇರೆಯವರಿಗೂ ಬರುತ್ತಿದೆಯೇನೋ ಅನ್ನುವ ಸಂಕೋಚದಲ್ಲಿ ನಾನು ಜನರಿಂದ ದೂರ ನಿಂತು ಮಾತಾಡತೊಡಗಿದ್ದೆ.

ನಮ್ಮ ಮಾಮೂಲಿ ಡಾಕ್ಟರು ಕೂಡಲೇ ಆಂಟಿಬಯಾಟಿಕ್ ಬರೆಯಲಿಲ್ಲ. ಆಗ ನನಗೆ ಬೇಸರವಾಗಿತ್ತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು. ನೆಗಡಿಯ ಜೊತೆ ಬರುವ ಸೈನಸ್ ಊತಕ್ಕೆ ಹೆಚ್ಚಿನ ಸಲ ವೈರಸ್ಸೇ ಕಾರಣ, ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ. 10 ದಿನ ದಾಟಿದರೂ ಸುಧಾರಿಸದಿದ್ದರೆ, ಅಥವಾ ಇಳಿದಂತಾಗಿ ಮತ್ತೆ ಜೋರಾದರೆ, ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು ಅಂತ ಅನುಮಾನಿಸುತ್ತಾರೆ. ನನ್ನದು ಎರಡನೆಯ ಜಾತಿ. ಮತ್ತೆ ಹೋದಾಗ ಆಂಟಿಬಯಾಟಿಕ್ ಕೊಟ್ಟರು. ಮಾತ್ರೆ ನುಂಗುವಷ್ಟು ದಿನ ಕೆನ್ನೆ ಹಗುರ, ಮಾತ್ರೆ ಮುಗಿದ ಕೂಡಲೇ ಮತ್ತೆ ಭಾರ. ಬೇರೆ ಮಾತ್ರೆ ಕೊಟ್ಟು ನೋಡಿದರು, ಅದೇ ಕಥೆ. ಆಗ ಇಎನ್‌ಟಿ (ಕಿವಿ, ಮೂಗು, ಗಂಟಲಿನ) ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಇಲ್ಲಿ ಒಂದು ಮಾತು. ಮೂಗು ಬಿಡಿಸುವ ಸ್ಪ್ರೇ ಸಿಗುತ್ತದಲ್ಲ, ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಇರುವಂಥದ್ದು, ಅದು ಹಾಕಿದ ಕ್ಷಣಕ್ಕೆ ಸ್ವರ್ಗ. ಆದರೆ 3ರಿಂದ 5 ದಿನಕ್ಕಿಂತ ಹೆಚ್ಚು ಹಾಕಿದರೆ ಆ ಔಷಧಿಯಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಆಮೇಲೆ ಅದಿಲ್ಲದೆ ಉಸಿರಾಡೋದೇ ಕಷ್ಟ. ಡಾಕ್ಟರು ಹೇಳಿದ ದಿನಕ್ಕೆ ನಿಲ್ಲಿಸಿಬಿಡಿ.

ಇಎನ್‌ಟಿ ಡಾಕ್ಟರ ಸಮಯ ಸಿಗಲು ಕಾಯಬೇಕಾಯಿತು. ಆ ಬಿಡುವಿನಲ್ಲಿ ಒಂದು ಹಾಳೆಯಲ್ಲಿ ಎಲ್ಲ ಬರೆದಿಟ್ಟುಕೊಂಡೆ: ಯಾವಾಗ ಶುರುವಾಯಿತು, ಯಾವ ಮಾತ್ರೆ ಎಷ್ಟು ದಿನ, ಯಾವುದು ತಗೊಂಡಾಗ ಏನಾಯಿತು, ಯಾವ ಔಷಧಿ ನನಗೆ ಒಗ್ಗಲ್ಲ. ಡಾಕ್ಟರು ಆ ಹಾಳೆಯನ್ನು ಕೇಳಿ ಪಡೆದು ಫೈಲಿಗೆ ಸೇರಿಸಿದರು. ಅವರು ಕೇಳುವ ಮೊದಲ ಪ್ರಶ್ನೆಯೇ ಎಷ್ಟು ದಿನದಿಂದ ಅನ್ನೋದು. 4 ವಾರದ ಒಳಗಿದ್ದರೆ ಒಂದು ಲೆಕ್ಕ, 12 ವಾರ ದಾಟಿದರೆ ಬೇರೆ ಲೆಕ್ಕ. ಚಿಕಿತ್ಸೆಯೂ ಅದರ ಮೇಲೆ ಬದಲಾಗುತ್ತದೆ.

ಮೂಗಿಗೆ ಮರಗಟ್ಟಿಸುವ ಔಷಧಿ ಹೊಡೆದು, ಸ್ವಲ್ಪ ಹೊತ್ತು ಕೂರಿಸಿ, ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ ಸಣ್ಣ ಎಂಡೋಸ್ಕೋಪ್ ಒಳಗೆ ಬಿಟ್ಟರು. ನೋವಿರಲಿಲ್ಲ. ಒತ್ತಿದ ಹಾಗೆ, ಕಣ್ಣಲ್ಲಿ ನೀರು, ಗಂಟಲಲ್ಲಿ ಕಹಿ, ಅಷ್ಟೆ. ಎದುರಿನ ಪರದೆಯಲ್ಲಿ ನನ್ನದೇ ಮೂಗಿನೊಳಗಿನಿಂದ ಕೀವು ಎಳೆಯಾಗಿ ಇಳಿಯುತ್ತಿದ್ದದ್ದು ಕಂಡಿತು. ನೋಡಿ ಹೇಸಿಗೆಗಿಂತ ಸಮಾಧಾನವೇ ಆಯಿತು. ಇಷ್ಟು ದಿನ ಕಾಡಿದ್ದು ಸುಳ್ಳಲ್ಲ ಅಂತ ಕಣ್ಣಾರೆ ಕಂಡೆನಲ್ಲ.

ಕೀವು ತಾನಾಗಿಯೇ ಯಾಕೆ ಹರಿದು ಹೋಗಲ್ಲ ಅಂತ ಕೇಳಿದೆ. ಅವರು ಒಂದು ಚಿತ್ರ ಬರೆದು ತೋರಿಸಿದರು. ಕೆನ್ನೆಯ ಸೈನಸ್ಸಿಗೆ ಮೂಗಿನೊಳಗೆ ತೆರೆಯುವ ಬಾಯಿ ಇರೋದು ತಳದಲ್ಲಲ್ಲ, ಮೇಲ್ಗಡೆ. ತೂಬು ಮೇಲಿರುವ ತೊಟ್ಟಿ ಇದ್ದ ಹಾಗೆ. ಒಳಗಿನ ಪೊರೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವು ಲೋಳೆಯನ್ನು ಮೆಲ್ಲಗೆ ಮೇಲಕ್ಕೆ ಸಾಗಿಸಿ ಆ ಬಾಯಿಯಿಂದ ಹೊರಗೆ ಹಾಕುತ್ತವೆ. ಊತದಿಂದ ಆ ಬಾಯಿ ಮುಚ್ಚಿಕೊಂಡರೆ ಲೋಳೆ ಒಳಗೇ ನಿಲ್ಲುತ್ತದೆ, ಕೀವಾಗುತ್ತದೆ, ರೋಮಗಳೂ ಸೋಲುತ್ತವೆ. ಈ ವಿವರಣೆ ತಿಳಿದ ಮೇಲೆ ಮುಂದಿನ ಪ್ರತಿಯೊಂದು ಹೆಜ್ಜೆಯೂ ನನಗೆ ಅರ್ಥವಾಯಿತು.

ಆಮೇಲೆ ಸಿ.ಟಿ. ಸ್ಕ್ಯಾನ್. ಹೊಟ್ಟೆಯ ಸ್ಕ್ಯಾನಿನ ಹಾಗೆ ಇಂಜೆಕ್ಷನ್, ಬಣ್ಣ ಏನೂ ಬೇಕಾಗಲಿಲ್ಲ. ಮಲಗಿ ಅಲುಗಾಡದೆ ಇದ್ದರೆ ಮುಗಿಯಿತು. ಗರ್ಭಿಣಿಯಾಗಿದ್ದರೆ, ಇರಬಹುದು ಅಂತ ಅನುಮಾನ ಇದ್ದರೂ, ಮೊದಲೇ ಹೇಳಬೇಕು. ಕೂತು ಕಾಯುವುದಕ್ಕಿಂತ ಕಷ್ಟವಾದದ್ದು ರಿಪೋರ್ಟ್ ಓದೋದು. ಎಡ ಸೈನಸ್ ಪೂರ್ತಿ ಬೆಳ್ಳಗೆ, ಬಲಗಡೆ ಕಪ್ಪು. ಗಾಳಿ ಇದ್ದಲ್ಲಿ ಕಪ್ಪು ಕಾಣುತ್ತದೆ, ಅದೇ ಸರಿ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಎಡಗಡೆ ಮೇಲಿನ ದವಡೆ ಹಲ್ಲಿನ ಬೇರಿನ ಸುತ್ತ ಮೂಳೆ ಕರಗಿದೆ.

ಇದನ್ನು ನಾನು ಸ್ವಲ್ಪವೂ ನಿರೀಕ್ಷಿಸಿರಲಿಲ್ಲ. ಮೇಲಿನ ದವಡೆ ಹಲ್ಲುಗಳ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ಅಂಟಿಕೊಂಡಂತೆ ಇರುತ್ತದೆ. ಕೆಲವರಿಗೆ ನಡುವೆ ತೆಳು ಪೊರೆ ಮಾತ್ರ. ಬೇರಿನ ತುದಿಯಲ್ಲಿ ಸೋಂಕಾದರೆ ಅದು ನೇರ ಸೈನಸ್ಸಿಗೆ ಏರಬಹುದು. ಒಂದೇ ಕಡೆ ಕೀವು, ಜೊತೆಗೆ ಕೆಟ್ಟ ವಾಸನೆ ಇದ್ದರೆ ಹಲ್ಲನ್ನು ನೋಡಲೇಬೇಕು ಅಂತ ಡಾಕ್ಟರು ಹೇಳಿದರು. ಆ ಹಲ್ಲಿಗೆ ಹಿಂದೆ ಯಾವಾಗಲೋ ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಆಗಿತ್ತು. ಈಗ ಅದರಲ್ಲಿ ನೋವೇ ಇರಲಿಲ್ಲ. ಕೀವು ಸೈನಸ್ಸಿಗೆ ಹರಿದು ಹೋಗುವಾಗ ಹಲ್ಲಿನ ಬುಡದಲ್ಲಿ ಒತ್ತಡ ಕಟ್ಟಲ್ಲ, ಹಾಗಾಗಿ ಹಲ್ಲು ಸುಮ್ನೆ ಇರಬಹುದಂತೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಒಂದೇ ಕಡೆಯ ಸೈನಸ್ ಪದೇ ಪದೇ ಕಾಡುತ್ತಿದ್ದರೆ ದಯವಿಟ್ಟು ದಂತವೈದ್ಯರಿಗೂ ತೋರಿಸಿ. ನನ್ನ ಎಷ್ಟೋ ವಾರಗಳ ಆಂಟಿಬಯಾಟಿಕ್‌ಗೆ ಉತ್ತರ ಅಲ್ಲಿತ್ತು.

ಇಲ್ಲಿಂದ ಶುರುವಾದದ್ದು ಎರಡು ಕಡೆಯ ಓಡಾಟ. ದಂತವೈದ್ಯರು "ಮೊದಲು ಸೈನಸ್ ಸರಿಯಾಗಲಿ" ಅಂದರು. ಇಎನ್‌ಟಿ ಅವರು "ಮೊದಲು ಹಲ್ಲು ಆಗಲಿ" ಅಂದರು. ಇಬ್ಬರೂ ಒಳ್ಳೆಯವರೇ, ಆದರೆ ಒಬ್ಬರ ಟಿಪ್ಪಣಿ ಇನ್ನೊಬ್ಬರ ಕೈ ಸೇರಿರಲಿಲ್ಲ. ಸ್ಕ್ಯಾನ್ ಕೇಂದ್ರ ನನಗೆ ಕೊಟ್ಟಿದ್ದು ಬರೀ ರಿಪೋರ್ಟಿನ ಹಾಳೆ. ಹಲ್ಲಿನ ಡಾಕ್ಟರಿಗೆ ಬೇಕಿದ್ದದ್ದು ಚಿತ್ರಗಳು. ಮತ್ತೆ ಹೋಗಿ ಸಿ.ಡಿ. ಬರೆಸಿ ತಂದೆ. ಕೊನೆಗೆ ಅಕ್ಕ ಒಂದು ಉಪಾಯ ಹೇಳಿದಳು. "ನೀನು ಬಾಯಲ್ಲಿ ಹೇಳಿ ಹೇಳಿ ಸುಸ್ತಾಗ್ಬೇಡ. ಇಬ್ಬರ ಹತ್ರನೂ ಬರೆಸ್ಕೊ." ಹಾಗೇ ಮಾಡಿದೆ. ಇಬ್ಬರೂ ಒಂದೊಂದು ಪತ್ರ ಬರೆದುಕೊಟ್ಟ ಮೇಲೆ ಫೋನಿನಲ್ಲೇ ಮಾತಾಡಿಕೊಂಡು ತೀರ್ಮಾನಿಸಿದರು: ಮೊದಲು ಹಲ್ಲಿನ ಬೇರನ್ನು ಮತ್ತೆ ಸ್ವಚ್ಛ ಮಾಡೋದು, ಆದರೂ ಕೀವು ನಿಲ್ಲದಿದ್ದರೆ ಸೈನಸ್ ತೆರೆಯೋದು. ಎಲ್ಲರಿಗೂ ಇದೇ ಕ್ರಮ ಅಂತಿಲ್ಲ. ಕೆಲವರಿಗೆ ಹಲ್ಲು ಸರಿ ಮಾಡಿದರೆ ಸಾಕಾಗುತ್ತದೆ, ಕೆಲವರಿಗೆ ಹಲ್ಲನ್ನೇ ಕೀಳಬೇಕಾಗುತ್ತದೆ. ನನಗೆ ಹಲ್ಲು ಉಳಿಯಿತು. ಕೀವು ನಿಲ್ಲಲಿಲ್ಲ.

ಕೀವು ತೆಗೆಯಲು ಎರಡು ದಾರಿ ಇವೆ ಅಂದರು. ಒಂದು ಹಳೆಯ ದಾರಿ: ಮೂಗಿನ ಕೆಳಭಾಗದ ಗೋಡೆಯಲ್ಲಿ ದಪ್ಪ ಸೂಜಿಯಂಥ ಸಾಧನದಿಂದ ತೂತು ಮಾಡಿ, ಸಲೈನ್ (ಉಪ್ಪು ನೀರು) ಹಾಕಿ ತೊಳೆಯೋದು. ಬೇಗ ಮುಗಿಯುತ್ತದೆ, ಕೀವೂ ಹೋಗುತ್ತದೆ. ಆದರೆ ಮುಚ್ಚಿರುವ ಮೇಲಿನ ಬಾಯಿ ಹಾಗೇ ಉಳಿಯುತ್ತದೆ. ಇನ್ನೊಂದು ಎಂಡೋಸ್ಕೋಪ್ ಹಿಡಿದು ಆ ಸಹಜ ಬಾಯಿಯನ್ನೇ ಅಗಲ ಮಾಡೋದು. ಮುಖದ ಮೇಲೆ ಗಾಯ ಇಲ್ಲ, ಎಲ್ಲ ಮೂಗಿನ ಹೊಳ್ಳೆಯಿಂದಲೇ. ಆಸ್ಟ್ರಿಯಾದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಅವರು ಲೋಳೆ ಆ ಬಾಯಿಯ ಕಡೆಗೇ ಹರಿಯುವುದನ್ನು ಎಂಡೋಸ್ಕೋಪ್‌ನಿಂದ ನೋಡಿ ವಿವರಿಸಿದ ಮೇಲೆ, 1980ರ ದಶಕದಲ್ಲಿ ಈ ವಿಧಾನ ಎಲ್ಲೆಡೆ ಹರಡಿತು. ಬೇರೆ ಕಡೆ ತೂತು ಮಾಡಿದರೂ ರೋಮಗಳು ಲೋಳೆಯನ್ನು ಹಳೆಯ ಬಾಯಿಗೇ ಒಯ್ಯುತ್ತವೆ. ಹಾಗಾಗಿ ನನಗೆ ಎರಡನೆಯದೇ ಸರಿ ಅನ್ನಿಸಿತು. ಡಾಕ್ಟರ ಅಭಿಪ್ರಾಯವೂ ಅದೇ ಆಗಿತ್ತು.

ಒಪ್ಪಿಗೆ ಪತ್ರ ಓದುವಾಗ ಕೈ ನಡುಗಿದ್ದು ನಿಜ. ಕಣ್ಣಿಗೆ ಪೆಟ್ಟಾಗಬಹುದು, ಮೆದುಳಿನ ಸುತ್ತಲಿನ ನೀರು ಸೋರಬಹುದು, ರಕ್ತಸ್ರಾವ ಆಗಬಹುದು ಅಂತೆಲ್ಲ ಇತ್ತು. ಸೈನಸ್‌ಗಳು ಕಣ್ಣಿಗೂ ಮೆದುಳಿಗೂ ಪಕ್ಕದಲ್ಲೇ ಇರುವುದರಿಂದ ಇದನ್ನು ಎಲ್ಲರಿಗೂ ಹೇಳಲೇಬೇಕು, ಆದರೆ ಅಂಥದ್ದು ಅಪರೂಪ ಅಂತ ಡಾಕ್ಟರು ತಾಳ್ಮೆಯಿಂದ ಹೇಳಿದರು. ಆ ಪತ್ರವನ್ನು ಹಿಂದಿನ ದಿನವೇ ಕೇಳಿ ಪಡೆದು ಮನೆಯಲ್ಲಿ ಓದಿ. ಸ್ಟ್ರೆಚರ್ ಮೇಲೆ ಮಲಗಿ ಓದುವಂಥದ್ದಲ್ಲ ಅದು.

ವಿಮೆಯ ಒಪ್ಪಿಗೆಗೆ ಇನ್ನೂ ಕಾದೆ. ಅವರು ಕೇಳಿದ್ದು ಸ್ಕ್ಯಾನ್ ರಿಪೋರ್ಟ್, ಎಂಡೋಸ್ಕೋಪಿ ಟಿಪ್ಪಣಿ, ಮತ್ತು ಮೊದಲು ಔಷಧಿಯಿಂದ ಪ್ರಯತ್ನ ಆಗಿದೆ ಅನ್ನೋದಕ್ಕೆ ದಾಖಲೆ. ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಖರ್ಚಿನ ವಿಷಯದಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಅಂದಾಜು ಪಟ್ಟಿ ಕೇಳುವಾಗ ಸರ್ಜನ್, ಅರಿವಳಿಕೆ ಡಾಕ್ಟರು, ಆಪರೇಷನ್ ಕೋಣೆ, ಲ್ಯಾಬ್ ಇವುಗಳ ಜೊತೆಗೆ ಆಪರೇಷನ್ ನಂತರ ಮೂಗು ಸ್ವಚ್ಛ ಮಾಡುವ ಭೇಟಿಗಳೂ ಸೇರಿವೆಯಾ ಅಂತ ಕೇಳಿ. ನನ್ನ ಪಟ್ಟಿಯಲ್ಲಿ ಸೇರಿರಲಿಲ್ಲ. ಹಲ್ಲಿನ ಖರ್ಚಂತೂ ಪೂರ್ತಿ ಬೇರೆ, ಅದನ್ನು ವಿಮೆ ಒಪ್ಪಲಿಲ್ಲ.

ತಯಾರಿಯಲ್ಲಿ ರಕ್ತ ಪರೀಕ್ಷೆ, ಇಸಿಜಿ ಆದವು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ರಕ್ತ ಹೆಪ್ಪುಗಟ್ಟಲು ಬಿಡದ ಮಾತ್ರೆಗಳ ಬಗ್ಗೆ ಮೊದಲೇ ಹೇಳಬೇಕು. ಹೃದಯಕ್ಕಾಗಿ ತಗೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು, ಕೊಟ್ಟ ಡಾಕ್ಟರನ್ನು ಕೇಳಬೇಕು. ಆಪರೇಷನ್‌ಗೆ 6 ಗಂಟೆಗಳಷ್ಟು ಮುಂಚೆ ಊಟ, 2 ಗಂಟೆಗಳಷ್ಟು ಮುಂಚೆ ಬರೀ ನೀರನ್ನೂ ನಿಲ್ಲಿಸಲು ಹೇಳಿದ್ದರು.

ಆಪರೇಷನ್ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದಾಗ ಮೂಗು ತುಂಬಿಕೊಂಡಿತ್ತು, ಬಾಯಿ ಒಣಗಿತ್ತು, ಗಂಟಲಲ್ಲಿ ರಕ್ತದ ರುಚಿ. "ನುಂಗಬೇಡಿ, ಉಗುಳಿ" ಅಂತ ನರ್ಸ್ ಹೇಳುತ್ತಲೇ ಇದ್ದರು. ನುಂಗಿದರೆ ಹೊಟ್ಟೆ ತೊಳಸಿ ವಾಂತಿ ಬರುತ್ತದೆ. ಮೂಗಿಗೆ ತಾನಾಗಿ ಕರಗುವ ಪ್ಯಾಕ್ ಹಾಕಿದ್ದರು, ಎಳೆದು ತೆಗೆಯುವ ಕಷ್ಟ ತಪ್ಪಿತು. ಸಂಜೆ ಮನೆಗೆ ಕಳಿಸಿದರು. ಒಳಗಿನ ಕೀವನ್ನು, ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಕಲ್ಚರ್ ಪರೀಕ್ಷೆಗೆ, ತೆಗೆದ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದ್ದೇವೆ ಅಂದರು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಕೀವು ತೆಗೆಯೋದು ಒಂದು ದಿನದ ಕೆಲಸ. ತೆರೆದ ಬಾಯಿ ಮತ್ತೆ ಮುಚ್ಚದಂತೆ, ಗಾಯ ಅಂಟಿಕೊಳ್ಳದಂತೆ ನೋಡಿಕೊಳ್ಳೋದು ನಮ್ಮ ಕೈಯಲ್ಲಿ ಇರುವ ವಾರಗಟ್ಟಲೆ ಕೆಲಸ.

ಮೊದಲ ರಾತ್ರಿಗಳು ಕೆಟ್ಟವು. ತಲೆ ಎತ್ತರಿಸಿಕೊಂಡು ಮಲಗಬೇಕು, ಬಾಯಲ್ಲೇ ಉಸಿರು. ಮೂಗಿನ ಕೆಳಗೆ ಕಟ್ಟಿದ ಹತ್ತಿಬಟ್ಟೆ ಪದೇ ಪದೇ ಕೆಂಪಾಗುತ್ತಿತ್ತು. ತೆಳ್ಳಗೆ, ನೀರು ಬೆರೆತಂತೆ ಜಿನುಗುವ ರಕ್ತ ಮಾಮೂಲು. ನಿಲ್ಲದೆ ಹರಿಯುವ ಕೆಂಪು ರಕ್ತ ಮಾಮೂಲಲ್ಲ. ಜೋರಾಗಿ ಸಿಂಬಳ ತೆಗೆಯಬಾರದು, ಭಾರ ಎತ್ತಬಾರದು, ತಲೆ ತಗ್ಗಿಸಿ ಬಗ್ಗಬಾರದು. ಸೀನು ಬಂದರೆ ತಡೆಯಬಾರದು, ಬಾಯಿ ತೆರೆದು ಸೀನಬೇಕು. ಇವೆಲ್ಲ ಒಂದೆರಡು ವಾರದ ಮಾತು, ನಿಮ್ಮ ಡಾಕ್ಟರು ಹೇಳಿದಷ್ಟು ದಿನ.

ಆಮೇಲೆ ಮೂಗು ತೊಳೆಯೋದು. ನನಗೆ ನಿಜಕ್ಕೂ ಗುಣ ಕೊಟ್ಟದ್ದು ಇದೇ ಅಂತ ಈಗಲೂ ಅನ್ನಿಸುತ್ತದೆ. 240 ಮಿ.ಲೀ. ಹಿಡಿಯುವ ಒತ್ತುವ ಬಾಟಲಿ ಮತ್ತು ಅದಕ್ಕೆ ಅಂತಲೇ ಬರುವ ಉಪ್ಪಿನ ಪೊಟ್ಟಣ ತಂದೆ. ಇಲ್ಲಿ ನೀರಿನ ವಿಷಯದಲ್ಲಿ ರಾಜಿ ಬೇಡ. ನಲ್ಲಿ ನೀರನ್ನು ಹಾಗೇ ಮೂಗಿಗೆ ಹಾಕಬಾರದು. ನೆಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋದರೆ ಬದುಕುವುದು ತೀರಾ ಅಪರೂಪ. ಬಟ್ಟಿ ಇಳಿಸಿದ ನೀರು ಆಗಬಹುದು. ಇಲ್ಲದಿದ್ದರೆ ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, ಎತ್ತರದ ಜಾಗಗಳಲ್ಲಿ, ಅಂದರೆ ಸುಮಾರು 2,000 ಮೀಟರ್ ಮೇಲೆ, 3 ನಿಮಿಷ ಕುದಿಸಿ ಆರಿಸಬೇಕು. ನಾನು ಬೆಳಿಗ್ಗೆಯೇ ಕುದಿಸಿ ಮುಚ್ಚಿಡುತ್ತಿದ್ದೆ.

ಮುಂದಕ್ಕೆ ಸ್ವಲ್ಪ ಬಾಗಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತಾ, ಬಾಟಲಿಯನ್ನು ಮೆಲ್ಲಗೆ ಒತ್ತಬೇಕು. ಒಂದು ಹೊಳ್ಳೆಯಿಂದ ಹೋದ ನೀರು ಇನ್ನೊಂದರಿಂದ ಬರುತ್ತದೆ. ಮೊದಲ ಸಲ ಉಸಿರು ಕಟ್ಟಿದ ಹಾಗಾಗಿ ಹೆದರಿದೆ. ಆಮೇಲೆ ಅಭ್ಯಾಸವಾಯಿತು. ನೀರು ಉಗುರು ಬೆಚ್ಚಗಿರಬೇಕು. ಉಪ್ಪು ಕಡಿಮೆಯಾದರೆ ಉರಿ, ಬರೀ ನೀರಾದರೆ ಇನ್ನೂ ಉರಿ. ತೊಳೆಯುವಾಗ ಹಳೆಯ ರಕ್ತದ ಗಟ್ಟಿ ಹೆಪ್ಪು, ಕಂದು ಬಣ್ಣದ ತುಂಡುಗಳು ಬರುತ್ತವೆ. ನೋಡಿ ಗಾಬರಿಯಾಗಬೇಡಿ, ಅವು ಹೊರಗೆ ಬರಬೇಕಾದವೇ. ಮುಗಿದ ಮೇಲೆ ಗಂಟೆಗಟ್ಟಲೆ ಬಿಟ್ಟು ಇದ್ದಕ್ಕಿದ್ದಂತೆ ಮೂಗಿನಿಂದ ನೀರು ಸುರಿಯುವುದೂ ಉಂಟು, ಸೈನಸ್‌ನಲ್ಲಿ ನಿಂತದ್ದು ಅದು. ಬಾಟಲಿಯನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿ.

ಒಳಗಿನ ಊತ ಇಳಿಸಲು ಕೊಟ್ಟಿದ್ದ ಸ್ಟೀರಾಯ್ಡ್ ಸ್ಪ್ರೇ ಹಾಕುವ ರೀತಿಯನ್ನೂ ನರ್ಸ್ ತೋರಿಸಿಕೊಟ್ಟರು. ತೊಳೆದ ಮೇಲೆ ಹಾಕಬೇಕು. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ. ಆಗ ತುದಿ ಹೊರಗೋಡೆಯ ಕಡೆಗೆ ತಿರುಗುತ್ತದೆ. ನಡುವಿನ ಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಜೋರಾಗಿ ಒಳಗೆ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗಿಬಿಡುತ್ತದೆ.

ಕಲ್ಚರ್ ರಿಪೋರ್ಟ್ ಬರಲು ಕೆಲವು ದಿನ ಹಿಡಿಯಿತು. ಬಂದ ಮೇಲೆ ತಿಳಿದದ್ದು, ನಾನು ತಗೊಳ್ಳುತ್ತಿದ್ದ ಮಾತ್ರೆಗೆ ಆ ಬ್ಯಾಕ್ಟೀರಿಯಾ ಬಗ್ಗುವಂಥದ್ದಲ್ಲ. ಮಾತ್ರೆ ಬದಲಾಯಿಸಿದರು. ರಿಪೋರ್ಟ್ ಬಂತಾ ಅಂತ ನಾವೇ ಫೋನ್ ಮಾಡಿ ಕೇಳೋದು ಒಳ್ಳೆಯದು. ನನ್ನದು ಬಂದು ಫೈಲಿನಲ್ಲಿ ಕೂತಿತ್ತು, ಅಕ್ಕ ಫೋನ್ ಮಾಡಿದ ಮೇಲೆ ಡಾಕ್ಟರ ಮೇಜಿಗೆ ಹೋಯಿತು.

ಮತ್ತೆ ಹೋದಾಗೆಲ್ಲ ಎಂಡೋಸ್ಕೋಪ್ ಹಾಕಿ ಒಳಗೆ ಕಟ್ಟಿದ ಹಕ್ಕಳೆಗಳನ್ನು ಬಿಡಿಸಿ ತೆಗೆಯುತ್ತಿದ್ದರು. ಸುಳ್ಳು ಹೇಳಲ್ಲ, ಮೊದಲ ಸಲ ಆಪರೇಷನ್‌ಗಿಂತ ಇದೇ ಹೆಚ್ಚು ನೋವಾಯಿತು. ಹೋಗುವ ಮುಂಚೆ ಚೆನ್ನಾಗಿ ತೊಳೆದುಕೊಂಡು ಹೋದರೆ ಹಕ್ಕಳೆ ಮೆತ್ತಗಾಗಿರುತ್ತದೆ, ಹಿಂಸೆ ಕಡಿಮೆ. ನೋವಿನ ಮಾತ್ರೆ ಮೊದಲೇ ತಗೊಳ್ಳಬಹುದಾ ಅಂತ ಕೇಳಿಕೊಳ್ಳಿ. ಮೂಗು ಬಿಟ್ಟಿದೆ, ಆರಾಮಾಗಿದ್ದೇನೆ ಅಂತ ಈ ಭೇಟಿಗಳನ್ನು ತಪ್ಪಿಸುವವರಿದ್ದಾರೆ. ಒಳಗೆ ಗಾಯದ ಎರಡು ಬದಿ ಅಂಟಿಕೊಳ್ಳುತ್ತಿದ್ದರೆ ನಮಗೆ ಹೊರಗಿನಿಂದ ಗೊತ್ತೇ ಆಗಲ್ಲ. ನನಗೆ ಒಂದು ಕಡೆ ಹಾಗೆ ಶುರುವಾಗಿತ್ತು, ಆಗಲೇ ಬಿಡಿಸಿದ್ದರಿಂದ ಬಾಯಿ ಮುಚ್ಚದೆ ಉಳಿಯಿತು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನು ಅವರು ಬರೆದುಕೊಟ್ಟಿದ್ದರು. ಕಣ್ಣಿನ ಸುತ್ತ ಊತ, ಎರಡೆರಡು ಕಾಣೋದು, ದೃಷ್ಟಿ ಮಂಜಾಗೋದು, ಜೋರು ಜ್ವರದ ಜೊತೆ ಕತ್ತು ಸೆಟೆದುಕೊಳ್ಳೋದು, ತಡೆಯಲಾರದ ತಲೆನೋವು, ರಕ್ತ ನಿಲ್ಲದಿರೋದು, ಒಂದೇ ಹೊಳ್ಳೆಯಿಂದ ಉಪ್ಪುಪ್ಪಾದ ತಿಳಿ ನೀರು ತೊಟ್ಟಿಕ್ಕುತ್ತಲೇ ಇರೋದು. ಇದರಲ್ಲಿ ಕಣ್ಣಿನ ಊತ ಆಪರೇಷನ್ ಆಗದವರಿಗೂ ಅನ್ವಯಿಸುತ್ತದೆ. ಸೈನಸ್ ಸೋಂಕು ಕಣ್ಣಿನ ಗೂಡಿಗೆ ಹರಡಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಕೊಳೆತ ವಾಸನೆ ಮೊದಲು ಹೋಯಿತು. ನಿಜವಾದ ವಾಸನೆಗಳು ಮರಳಲು ತಡವಾಯಿತು. ಒಂದು ಸಂಜೆ ಮಳೆ ಬಿದ್ದ ಮಣ್ಣಿನ ಘಮ ಬಂತು, ಕಿಟಕಿಯ ಹತ್ತಿರ ನಿಂತು ಅತ್ತುಬಿಟ್ಟೆ. ಆ ದಿನದವರೆಗೆ ಎಷ್ಟು ಸೋತುಹೋಗಿದ್ದೆ ಅಂತ ನನಗೇ ತಿಳಿದಿರಲಿಲ್ಲ.

ಕೊನೆಯ ಭೇಟಿಯಲ್ಲಿ ಪರದೆಯ ಮೇಲೆ ಸೈನಸ್ಸಿನ ಬಾಯಿ ದುಂಡಗೆ ತೆರೆದಿದ್ದದ್ದು ಕಂಡಿತು, ಒಳಗಿನ ಪೊರೆ ತಿಳಿ ಗುಲಾಬಿ. ತೆಗೆದ ಚೂರಿನ ರಿಪೋರ್ಟಿನಲ್ಲಿ ಬರೀ ಊತ, ಫಂಗಸ್ ಇಲ್ಲ, ಬೇರೆ ಏನೂ ಇಲ್ಲ. ತೊಂದರೆ ಮರುಕಳಿಸದಿದ್ದರೆ ಸಿ.ಟಿ. ಮತ್ತೆ ಬೇಡ ಅಂದರು. ಮೂಗು ತೊಳೆಯೋದು ದಿನಕ್ಕೆ ಒಂದು ಸಲಕ್ಕೆ ಇಳಿದಿದೆ. ಹಲ್ಲಿನ ಬೇರಿನ ಸುತ್ತ ಮೂಳೆ ತುಂಬಿಕೊಳ್ಳುತ್ತಿದೆಯಾ ಅಂತ ನೋಡಲು 6 ತಿಂಗಳ ನಂತರ ಎಕ್ಸ್‌ರೇ ತೆಗೆಯಬೇಕು. ಆ ದಿನಕ್ಕೆ ಡಿಸ್ಚಾರ್ಜ್ ಪತ್ರ, ಕಲ್ಚರ್ ರಿಪೋರ್ಟ್, ಸಿ.ಡಿ. ಮೂರನ್ನೂ ಒಂದೇ ಫೈಲಿನಲ್ಲಿ ಹಾಕಿ, ಮೇಲೆ ದಂತವೈದ್ಯರಿಗೆ ಕೊಡುವ ಪತ್ರ ಇಟ್ಟಿದ್ದೇನೆ.